ಗಂಡಸ್ತನದ ಸೂಜಿ ಮತ್ತು ನಮ್ಮ ಕೇರಿಯ ಹುಡುಗರು



ಪೋಸ್ಟು ಉದ್ದ ಇದೆ, ವಿಷಯಾನೂ ಸ್ವಲ್ಪ ಮುಜುಗರದ್ದು. ಆದ್ರೂ ಪೂರ್ತಿ ಓದಿ. ಅಕ್ಕತಂಗಿಯರು ತಪ್ಪದೆ ಓದಿ, ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಪಿಟಿಸಿಎಲ್ ಜಮೀನಿನ ಕೇಸು, ಒಳಮೀಸಲಾತಿ, ಸ್ಮಶಾನದ ಜಾಗ, ಹಾಸ್ಟೆಲ್ ಊಟ ಎಲ್ಲಾ ಚರ್ಚೆ ಆಗುತ್ತೆ. ಗಂಡಸರ ಮೈ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ. ಬಿಟ್ಟರೂ ತಮಾಷೆಗೆ. ಈ ಮೌನದೊಳಗೆ ಒಂದು ವ್ಯಾಪಾರ ಚೆನ್ನಾಗಿ ನಡೀತಾ ಇದೆ. ಅದರ ಹೆಸರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ನು.

ನಾನು ಹೇಳಬೇಕಾದ್ದನ್ನ ಮೊದಲೇ ಹೇಳಿಬಿಡ್ತೀನಿ. ಕಾಯಿಲೆ ಇರೋದು ರಕ್ತಪರೀಕ್ಷೆಯಿಂದ ಗೊತ್ತಾದವನಿಗೆ ಇದು ಒಳ್ಳೆ ಔಷಧಿ. ಪರೀಕ್ಷೆ ಇಲ್ಲದೆ, 'ಪವರ್' ಬರುತ್ತೆ ಅಂತ ಚುಚ್ಚಿಸಿಕೊಂಡವನಿಗೆ ಇದೇ ಔಷಧಿ ಮಕ್ಕಳಾಗದ ಹಾಗೆ ಮಾಡಬಹುದು. ಸೂಜಿ ಚುಚ್ಚಿಸಿಕೊಳ್ಳೋನು ಗಂಡ, ಬಂಜೆ ಅನ್ನಿಸಿಕೊಳ್ಳೋಳು ಹೆಂಡತಿ.

"ಸಂಘಟನೆಯವನಿಗೆ ಇದೆಲ್ಲಾ ಯಾಕಪ್ಪಾ, ಡಾಕ್ಟರು ನೋಡ್ಕೋತಾರೆ" ಅನ್ನೋರಿಗೆ ಒಂದು ಮಾತು. 1938ರ ನವೆಂಬರಿನಲ್ಲಿ ಮುಂಬೈ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣದ ಬಗ್ಗೆ ನಿರ್ಣಯ ಮಂಡಿಸಿದ್ದು ಬಾಬಾಸಾಹೇಬರ ಪಕ್ಷ. ಅವತ್ತು ಬಾಬಾಸಾಹೇಬರ ಪರವಾಗಿ ಪಿ.ಜೆ. ರೋಹಂ ಮಂಡಿಸಿದರು, ನಿರ್ಣಯ ಬಿದ್ದುಹೋಯ್ತು. ಆ ಕಾಲದಲ್ಲೇ ಮಲಗೋ ಕೋಣೆಯ ವಿಷಯವನ್ನ ಸದನಕ್ಕೆ ತಂದವರ ಹೆಸರು ಹೇಳಿಕೊಂಡು ನಾವು ನಾಚಿಕೊಂಡು ಕೂತರೆ ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಸಂಘಟನೆ ಕೆಲಸಕ್ಕೆ ಓಡಾಡ್ತೀನಿ. ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾದರೂ ಕೇರಿಗಳು ಅವೇ, ಹುಡುಗರು ಅವರೇ. ಮೂರು ಥರದ ಗಂಡಸರು ಈ ಸೂಜಿ ಹತ್ರ ಹೋಗೋದನ್ನ ನೋಡ್ತಾ ಇದೀನಿ.

ಮೊದಲನೆಯವರು ಜಿಮ್ ಹುಡುಗರು. ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಾಗೋರು, ಜಯಂತಿ ಮೆರವಣಿಗೆಯಲ್ಲಿ ಎದೆ ಕಾಣೋ ಹಾಗೆ ಟೀ ಶರ್ಟ್ ಹಾಕೋರು. ಮೊದಲು ಪ್ರೋಟೀನ್ ಪುಡಿ, ಆಮೇಲೆ "ಅಣ್ಣ ಒಂದು ಸೈಕಲ್ ಹಾಕು" ಅಂತ ಟ್ರೈನರ್ ಕೊಡೋ ಸೂಜಿ. ಎರಡನೆಯವರು ಹೊಸದಾಗಿ ಮದುವೆಯಾದವರು. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ 'ಪುರುಷರ ಸಮಸ್ಯೆಗೆ ಶಾಶ್ವತ ಪರಿಹಾರ' ಅಂತ ಅಂಟಿಸಿರೋ ಚೀಟಿ ನೋಡಿ ಯಾರಿಗೂ ಹೇಳದೆ ಹೋಗೋರು. ಮೂರನೆಯವರು ನನ್ನ ವಾರಿಗೆಯವರು, ನಲವತ್ತು ದಾಟಿದವರು. ಸಕ್ಕರೆ ಕಾಯಿಲೆ ಇರುತ್ತೆ, ಹೊಟ್ಟೆ ಬಂದಿರುತ್ತೆ, ಸಾಯಂಕಾಲಕ್ಕೆ ಮೈ ಸೋತಿರುತ್ತೆ. ಮೊಬೈಲಲ್ಲಿ 'ಹಾರ್ಮೋನ್ ಕಮ್ಮಿ ಆಗಿದೆಯಾ?' ಅಂತ ಜಾಹೀರಾತು ಬರುತ್ತೆ.

ಗಂಡಸ್ತನ ಮಾರೋ ವ್ಯಾಪಾರ ಹೊಸದೇನಲ್ಲ. 1889ರಲ್ಲೇ ಬ್ರೌನ್ ಸೆಕ್ವಾರ್ ಅನ್ನೋ ದೊಡ್ಡ ವಿಜ್ಞಾನಿ, 72ನೇ ವಯಸ್ಸಲ್ಲಿ, ನಾಯಿಯ ಬೀಜದ ರಸ ಚುಚ್ಚಿಕೊಂಡು 'ಯೌವನ ವಾಪಸ್ ಬಂತು' ಅಂತ ಪ್ಯಾರಿಸ್ಸಲ್ಲಿ ಸಾರಿದ್ದ. ಆ ರಸದಲ್ಲಿ ಕೆಲಸ ಮಾಡೋಷ್ಟು ಹಾರ್ಮೋನೇ ಇರಲಿಲ್ಲ, ಆತನ ನಂಬಿಕೆಯೇ ಆತನನ್ನ ಕುಣಿಸಿತು. ನಿಜವಾದ ಟೆಸ್ಟೋಸ್ಟೆರಾನ್ ಬೇರ್ಪಡಿಸಿ ತಯಾರಿಸಿದ್ದು 1935ರಲ್ಲಿ. ಔಷಧಿ ನಿಜವಾಯ್ತು, ಆದರೆ ವ್ಯಾಪಾರದ ಬಂಡವಾಳ ಹಳೇದೇ ಉಳೀತು: ಗಂಡಸಿನ ನಾಚಿಕೆ.

ಇದು ಯಾರಿಗೆ ಬೇಕು? ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಜಾಸ್ತಿ ಇರೋ ಕ್ಲೈನ್‌ಫೆಲ್ಟರ್ ಇದ್ದವರಿಗೆ, ಮಂಗಬಾವು ಬೀಜಕ್ಕೆ ಇಳಿದು ಹಾಳಾದವರಿಗೆ, ಅಪಘಾತದಲ್ಲಿ ಬೀಜ ಕಳಕೊಂಡವರಿಗೆ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇರೋರಿಗೆ. ಅಂಥವರಿಗೆ ಈ ಚಿಕಿತ್ಸೆಯಿಂದ ಮೂಳೆ ಗಟ್ಟಿಯಾಗುತ್ತೆ, ರಕ್ತ ಹೆಚ್ಚುತ್ತೆ, ಬದುಕಲ್ಲಿ ಆಸಕ್ತಿ ಬರುತ್ತೆ. ನಮ್ಮ ಟ್ರಾನ್ಸ್ ಪುರುಷ ಸಂಗಾತಿಗಳಿಗೂ ಇದೇ ಹಾರ್ಮೋನು ಬೇಕು, ಅವರಿಗೂ ಡಾಕ್ಟರ ನಿಗಾ ಬೇಕು. ಇವರ್ಯಾರ ಔಷಧಿಯನ್ನೂ ನಾನು ಬೇಡ ಅಂತಿಲ್ಲ. ನನ್ನ ತಕರಾರು ಪರೀಕ್ಷೆ ಮಾಡದೆ ಚುಚ್ಚೋರ ಮೇಲೆ.

ಈಗ ಅದು ಮೈಯೊಳಗೆ ಏನು ಮಾಡುತ್ತೆ ಅಂತ ಆಫೀಸು ಭಾಷೇಲಿ ಹೇಳ್ತೀನಿ, ನನಗೆ ಬರೋದು ಅದೇ. ಪಿಟ್ಯುಟರಿ ಅಂದ್ರೆ ಹೆಡ್ಡಾಫೀಸು. ಅದು ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಎರಡು ಹಾರ್ಮೋನನ್ನ ಇಂಡೆಂಟ್ ಥರ ಬೀಜಗಳಿಗೆ ಕಳಿಸುತ್ತೆ. ಇಂಡೆಂಟ್ ಬಂದ್ರೆ ಬೀಜಗಳು ಎರಡು ಮಾಲು ತಯಾರು ಮಾಡ್ತವೆ: ಟೆಸ್ಟೋಸ್ಟೆರಾನು, ವೀರ್ಯಾಣು. ಹೊರಗಿನಿಂದ ಸೂಜೀಲಿ ಟೆಸ್ಟೋಸ್ಟೆರಾನ್ ಬಂದು ಬಿದ್ದರೆ ಹೆಡ್ಡಾಫೀಸು 'ಸ್ಟಾಕ್ ಇದೆ' ಅಂತ ರಿಜಿಸ್ಟರಲ್ಲಿ ಬರಕೊಂಡು ಇಂಡೆಂಟ್ ಹಾಕೋದನ್ನೇ ನಿಲ್ಲಿಸುತ್ತೆ. ಇಂಡೆಂಟ್ ಇಲ್ಲದ ಕಾರ್ಖಾನೆಗೆ ಬೀಗ ಬೀಳುತ್ತೆ. ಬೀಜ ಸಣ್ಣಗಾಗುತ್ತೆ, ವೀರ್ಯಾಣು ತಯಾರಿ ನಿಲ್ಲುತ್ತೆ. ಹೊರಗೆ ತೋಳು ದಪ್ಪ ಆಗ್ತಾ ಇರುತ್ತೆ, ಗಡ್ಡ ಮೀಸೆ ಜೋರಾಗಿರುತ್ತೆ, ಆಸೆಯೂ ಇರುತ್ತೆ. ಒಳಗೆ ಲೆಕ್ಕ ಸೊನ್ನೆ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ.

ಇದು ಎಷ್ಟು ಖಾತ್ರಿಯ ಪರಿಣಾಮ ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಅಂತಾನೇ ಪರೀಕ್ಷೆ ಮಾಡಿಸಿತ್ತು. 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಾಂಥೇಟ್ ಕೊಟ್ಟರು. 157 ಜನರಲ್ಲಿ ವೀರ್ಯಾಣು ಸೊನ್ನೆಗೆ ಇಳೀತು. ಫಲಿತಾಂಶ 1990ರಲ್ಲಿ ಪ್ರಕಟ ಆಯ್ತು. ಗರ್ಭನಿರೋಧಕವಾಗಿ ಪರೀಕ್ಷೆಗೆ ಒಳಗಾದ ಔಷಧಿಯನ್ನ ನಮ್ಮೂರಲ್ಲಿ ಮದುವೆ ಗೊತ್ತಾದ ಹುಡುಗನಿಗೆ 'ಗಂಡಸ್ತನದ ಟಾನಿಕ್' ಅಂತ ಚುಚ್ಚಿ ಕಳಿಸ್ತಾರೆ!

ನನಗೆ ಗೊತ್ತಿರೋ ಒಂದು ಮನೆ. ಊರು ಹೇಳಲ್ಲ, ಅವರನ್ನ ಕೇಳಿಯೇ ಬರೀತಿದ್ದೀನಿ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಆ ಹೆಣ್ಣುಮಗಳನ್ನ ಎಲ್ಲೆಲ್ಲಿಗೆ ಕರಕೊಂಡು ಹೋದರು ಅಂತೀರಾ! ಹರಕೆ ಆಯ್ತು, ನಾಟಿ ಔಷಧಿ ಆಯ್ತು, ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಆಯ್ತು. ಸೀಮಂತ, ನಾಮಕರಣಕ್ಕೆ ಅವಳನ್ನ ಕರೆಯೋದನ್ನೇ ಬಿಟ್ಟರು. ಅತ್ತೆ "ಇನ್ನೊಂದು ಹೆಣ್ಣು ನೋಡ್ತೀನಿ" ಅನ್ನೋವರೆಗೂ ಬಂತು. ಅಷ್ಟೂ ವರ್ಷ ಗಂಡನ ವೀರ್ಯ ಪರೀಕ್ಷೆ ಒಂದೇ ಒಂದು ಸಲ ಆಗಿರಲಿಲ್ಲ. ಕೊನೆಗೆ ಆಸ್ಪತ್ರೆಯ ನರ್ಸಮ್ಮ ಒಬ್ಬರು ಗದರಿಸಿ ಮಾಡಿಸಿದಾಗ ರಿಪೋರ್ಟಲ್ಲಿ ಸೊನ್ನೆ. "ಏನಾದ್ರೂ ಇಂಜೆಕ್ಷನ್ ತಗೋತೀಯಾ?" ಅಂತ ಡಾಕ್ಟರು ಕೇಳಿದ ಮೇಲೆ ಜಿಮ್ಮಿನ ಕಥೆ ಹೊರಗೆ ಬಂತು. ಸೂಜಿ ನಿಲ್ಲಿಸಿ ಒಂದು ವರ್ಷ ದಾಟಿದೆ, ಈಗ ಲೆಕ್ಕ ಮೆಲ್ಲಗೆ ಏರ್ತಾ ಇದೆ.

ಹೆಚ್ಚಿನವರಲ್ಲಿ ನಿಲ್ಲಿಸಿದ ಮೇಲೆ ಆರು ತಿಂಗಳಿಂದ ಒಂದು ವರ್ಷದೊಳಗೆ ವೀರ್ಯಾಣು ವಾಪಸ್ ಬರುತ್ತೆ. ಕೆಲವರಿಗೆ ಎರಡು ವರ್ಷ ಹಿಡಿಯುತ್ತೆ. ಜಾಸ್ತಿ ಡೋಸು, ಜಾಸ್ತಿ ವರ್ಷ ತಗೊಂಡವರಿಗೆ ತಡ ಜಾಸ್ತಿ, ಪೂರ್ತಿ ಬರುತ್ತೆ ಅನ್ನೋ ಗ್ಯಾರಂಟೀನೂ ಇಲ್ಲ. ಆ ಕಾಯೋ ಅಷ್ಟೂ ದಿನ ಮನೇಲಿ ಮಾತು ಕೇಳೋಳು ಯಾರು? 1942ರ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು ಸಮುದಾಯದ ಏಳಿಗೆಯನ್ನ ಹೆಣ್ಣುಮಕ್ಕಳ ಏಳಿಗೆಯಿಂದ ಅಳೀತೀನಿ ಅಂದ್ರು ಅಂತ ನಾವೆಲ್ಲಾ ಭಾಷಣದಲ್ಲಿ ಹೇಳ್ತೀವಿ. ಆ ಅಳತೆಕೋಲು ನಮ್ಮ ಮನೆಯೊಳಗೂ ಬರಬೇಕಲ್ವಾ?

ಇನ್ನು ಉಳಿದ ಅಪಾಯಗಳು.

ಮೊದಲನೇದು ರಕ್ತ ಗಟ್ಟಿಯಾಗೋದು. ಟೆಸ್ಟೋಸ್ಟೆರಾನು ಕೆಂಪು ರಕ್ತಕಣ ಹೆಚ್ಚು ಮಾಡುತ್ತೆ. ರಕ್ತದಲ್ಲಿ ಕೆಂಪುಕಣದ ಪಾಲು ಎಷ್ಟು ಅನ್ನೋದಕ್ಕೆ ಹೆಮಟೊಕ್ರಿಟ್ ಅಂತಾರೆ. ಅದು ಶೇ. 54 ದಾಟಿದರೆ ಔಷಧಿ ನಿಲ್ಲಿಸಬೇಕು ಅಂತ ವೈದ್ಯರ ಮಾರ್ಗಸೂಚಿ ಹೇಳುತ್ತೆ. ಗೋಡೆ ಚೀಟಿಯವನು ಈ ಪರೀಕ್ಷೆ ಮಾಡಿಸ್ತಾನಾ? ಅವನಿಗೆ ಆ ಪದ ಗೊತ್ತಿದ್ರೆ ಅದೇ ದೊಡ್ಡದು.

ಎರಡನೇದು ಹೃದಯ. ಇಲ್ಲಿ ಹೆದರಿಸೋಕೆ ಸುಳ್ಳು ಹೇಳಬಾರದು. ಅಮೆರಿಕದ ಎಫ್‌ಡಿಎ (ನಮ್ಮ ಪ್ರಥಮ ದರ್ಜೆ ಸಹಾಯಕರಲ್ಲ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ) 2015ರಲ್ಲಿ ಈ ಔಷಧಿಯಿಂದ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಬಹುದು ಅಂತ ಎಚ್ಚರಿಕೆ ಬರೆಸಿತ್ತು. ಆಮೇಲೆ ಟ್ರಾವರ್ಸ್ ಅನ್ನೋ ದೊಡ್ಡ ಪರೀಕ್ಷೆ ನಡೀತು. 45ರಿಂದ 80 ವಯಸ್ಸಿನ, ಟೆಸ್ಟೋಸ್ಟೆರಾನ್ ಕಮ್ಮಿ ಇದ್ದ, ಹೃದಯದ ಕಾಯಿಲೆ ಇದ್ದ ಅಥವಾ ಬರೋ ಸಾಧ್ಯತೆ ಹೆಚ್ಚಿದ್ದ 5,200ಕ್ಕೂ ಹೆಚ್ಚು ಗಂಡಸರು ಅದರಲ್ಲಿದ್ದರು. 2023ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಮೂರೂ ಸೇರಿ ಔಷಧಿ ತಗೊಂಡವರಲ್ಲಿ ಶೇ. 7.0, ಔಷಧಿಯಿಲ್ಲದ ಖಾಲಿ ಜೆಲ್ ಹಚ್ಚಿಕೊಂಡವರಲ್ಲಿ ಶೇ. 7.3. ಅಂದ್ರೆ ವ್ಯತ್ಯಾಸ ಇಲ್ಲ.

"ನೋಡಿ, ಸೇಫ್ ಅಂತ ಆಯ್ತಲ್ಲ" ಅಂತ ಜಾಹೀರಾತಿನವರು ಕುಣೀತಾರೆ. ಅದೇ ವರದಿಯ ಮುಂದಿನ ಸಾಲು ಓದಲ್ಲ. ಹೃದಯದ ಬಡಿತ ಲಯ ತಪ್ಪೋ ಏಟ್ರಿಯಲ್ ಫಿಬ್ರಿಲೇಶನ್ ಔಷಧಿ ತಗೊಂಡವರಲ್ಲಿ ಶೇ. 3.5, ತಗೊಳ್ಳದವರಲ್ಲಿ 2.4. ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಿದ್ದು ಶೇ. 2.3, ಆ ಕಡೆ 1.5. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದು 0.9, ಆ ಕಡೆ 0.5. ಮೂಳೆ ಗಟ್ಟಿಯಾಗುತ್ತೆ ಅಂತ ನಂಬಿದ್ದರು, 2024ರಲ್ಲಿ ಬಂದ ಲೆಕ್ಕದಲ್ಲಿ ಮೂಳೆ ಮುರಿತವೂ ಔಷಧಿ ತಗೊಂಡವರಲ್ಲೇ ಜಾಸ್ತಿ ಇತ್ತು. 2025ರಲ್ಲಿ ಅದೇ ಎಫ್‌ಡಿಎ, ರಕ್ತದೊತ್ತಡ ಏರಬಹುದು ಅನ್ನೋ ಎಚ್ಚರಿಕೆಯನ್ನ ಎಲ್ಲಾ ಟೆಸ್ಟೋಸ್ಟೆರಾನ್ ಔಷಧಿಗಳ ಮೇಲೂ ಹಾಕಿಸಿತು.

ಇನ್ನೊಂದು ಮಾತು ಗಮನಿಸಿ. ಆ ಪರೀಕ್ಷೇಲಿ ಇದ್ದೋರಿಗೆ ಮೊದಲೇ ರಕ್ತ ನೋಡಿ, ಅಳತೆ ಮಾಡಿದ ಜೆಲ್ ಕೊಟ್ಟು, ಆಗಾಗ ರಕ್ತ ನೋಡಿ ಡೋಸು ಸರಿಮಾಡ್ತಾ ಇದ್ದರು. ಅಷ್ಟು ಕಾವಲಿನಲ್ಲಿ ಬಂದ ಫಲಿತಾಂಶ ಅದು. ಅದರ ಸರ್ಟಿಫಿಕೇಟನ್ನ, ಹಾರ್ಮೋನ್ ಸರಿಯಾಗಿರೋ ಇಪ್ಪತ್ತೆರಡು ವರ್ಷದ ಹುಡುಗ ಜಿಮ್ಮಿನ ಬಾತ್‌ರೂಮಲ್ಲಿ ಚುಚ್ಚಿಕೊಳ್ಳೋ ಡಬಲ್, ತ್ರಿಬಲ್ ಡೋಸಿಗೆ ಅಂಟಿಸೋ ಹಾಗಿಲ್ಲ. ಆ ಬಾಟಲೀಲಿ ಏನಿದೆ ಅಂತ ಕೊಟ್ಟವನಿಗೂ ಗೊತ್ತಿರಲ್ಲ. ಒಂದೇ ಸೂಜಿ ಇಬ್ಬರು ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಬೇರೆ.

ಉಳಿದವನ್ನ ಬೇಗ ಹೇಳ್ತೀನಿ. ಮೊಡವೆ, ಎದೆ ಊದಿ ಹೆಂಗಸರ ಥರ ಆಗೋದು, ಕಾಲು ಊತ, ನಿದ್ದೇಲಿ ಉಸಿರು ಕಟ್ಟೋ ಕಾಯಿಲೆ ಇದ್ದರೆ ಅದು ಹೆಚ್ಚಾಗೋದು. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಿಗೆ ಕೊಡಬಾರದು, ಅದಕ್ಕೇ ಮೊದಲು ಪಿಎಸ್‌ಎ ಪರೀಕ್ಷೆ. ಜೆಲ್ ಹಚ್ಚಿಕೊಳ್ಳೋರು ಕೈ ತೊಳೀದೆ, ಹಚ್ಚಿದ ಜಾಗ ಮುಚ್ಚದೆ ಮಗು ಎತ್ತಿಕೊಂಡರೆ ಮಗುವಿನ ಮೈಗೂ ಹೋಗುತ್ತೆ. ಸಣ್ಣ ಮಕ್ಕಳಲ್ಲಿ ವಯಸ್ಸಿಗೆ ಮುಂಚೆ ಕೂದಲು, ಬೆಳವಣಿಗೆ ಕಾಣಿಸಿಕೊಂಡಿದ್ದರಿಂದ 2009ರಲ್ಲೇ ಇದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಬಂದಿದೆ.

ಈಗ ನನ್ನ ವಾರಿಗೆಯವರ ಸುಸ್ತಿನ ವಿಷಯ. ಬಿಡದಿ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟು ಮಾಡೋನಿಗೆ, ಕನಕಪುರದ ಕ್ವಾರೀಲಿ ಕಲ್ಲು ಒಡೆಯೋನಿಗೆ, ರಾಮನಗರದ ರೀಲಿಂಗ್ ಘಟಕದಲ್ಲಿ ಬಿಸಿನೀರಿನ ಮುಂದೆ ನಿಲ್ಲೋನಿಗೆ, ಮಾಗಡಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬರೋನಿಗೆ ಸುಸ್ತಾಗದೆ ಏನಾಗುತ್ತೆ? 2011ರಲ್ಲಿ ಒಂದು ಸಣ್ಣ ಅಧ್ಯಯನ ಬಂತು. ಹತ್ತು ಜನ ಆರೋಗ್ಯವಂತ ಯುವಕರಿಗೆ ಒಂದು ವಾರ ರಾತ್ರಿ ಐದೇ ಗಂಟೆ ನಿದ್ದೆ ಕೊಟ್ಟರು. ಹಗಲಿನ ಟೆಸ್ಟೋಸ್ಟೆರಾನು ಶೇ. 10ರಿಂದ 15 ಇಳೀತು. ಕುಡಿತ ಇಳಿಸುತ್ತೆ, ಬೊಜ್ಜು ಇಳಿಸುತ್ತೆ, ಹತೋಟಿ ತಪ್ಪಿದ ಸಕ್ಕರೆ ಇಳಿಸುತ್ತೆ. ರಕ್ತಹೀನತೆ, ಥೈರಾಯ್ಡ್, ಟಿಬಿ, ಮನಸ್ಸಿನ ಖಿನ್ನತೆ ಇವೆಲ್ಲಾ ಇದೇ ಸುಸ್ತಿನ ವೇಷದಲ್ಲೇ ಬರ್ತವೆ. ಹಾಸಿಗೆಯಲ್ಲಿ ತೊಂದರೆ ಬಂದರೆ ಅದು ಸಕ್ಕರೆ ಕಾಯಿಲೆಯ, ಹೃದಯದ ರಕ್ತನಾಳದ ಕಾಯಿಲೆಯ ಮೊದಲ ಗಂಟೆಯೂ ಆಗಿರಬಹುದು. ಸೂಜಿ ಚುಚ್ಚಿ ಆ ಗಂಟೆ ಬಾಯಿ ಮುಚ್ಚಿಸಿದರೆ ಒಳಗಿನ ಕಾಯಿಲೆ ಬೆಳೀತಾನೇ ಇರುತ್ತೆ. ನಿದ್ದೆ ಕೊಡದ ಶಿಫ್ಟಿಗೆ, ಓಟಿ ಕೊಡದ ಗುತ್ತಿಗೆದಾರನಿಗೆ ಕೇಳಬೇಕಾದ ಪ್ರಶ್ನೆಯನ್ನ ನಮ್ಮ ಮೈಗೆ ಚುಚ್ಚಿ ಮುಗಿಸ್ತಾ ಇದಾರೆ.

ಗಂಡಸ್ತನದ ಮಾತಿಗೆ ಬರ್ತೀನಿ. ನಮ್ಮ ಹುಡುಗರಿಗೆ ಈ ಹಸಿವು ಯಾಕೆ ಜಾಸ್ತಿ ಅಂತ ನನಗೆ ಅರ್ಥ ಆಗುತ್ತೆ. ನಮ್ಮ ತಾತಂದಿರು ಊರೊಳಗೆ ಚಪ್ಪಲಿ ಕೈಲಿ ಹಿಡಕೊಂಡು ನಡೆದವರು. ಅರವತ್ತು ವರ್ಷದ ಮುದುಕನನ್ನ ಹತ್ತು ವರ್ಷದ ಗೌಡರ ಹುಡುಗ 'ಏನ್ಲಾ' ಅಂತಿದ್ದ. 2017ರಲ್ಲಿ ಗುಜರಾತಿನ ಲಿಂಬೋದರಾದಲ್ಲಿ ಮೀಸೆ ಬಿಟ್ಟಿದ್ದಕ್ಕೆ ದಲಿತ ಯುವಕರ ಮೇಲೆ ಹಲ್ಲೆ ಆಯ್ತು ಅಂತ ಸುದ್ದಿ ಬಂದಾಗ ನಮ್ಮೋರೆಲ್ಲಾ ಮೀಸೆ ತಿರುವಿ ಡಿಪಿ ಹಾಕ್ಕೊಂಡರು. ನಾನೂ ಹಾಕಿದ್ದೆ. ಅದು ಸ್ವಾಭಿಮಾನ. ಎದೆ ಎತ್ತಿ ನಡೆಯೋ ಹಕ್ಕು ಕೇಳೋದು ಬೇರೆ, ಎದೆಯ ಸುತ್ತಳತೆಯನ್ನ ಸೂಜೀಲಿ ಕೊಳ್ಳೋದು ಬೇರೆ. ನಮ್ಮನ್ನ ಗಂಡಸರೇ ಅಲ್ಲ ಅಂತ ಬೈದ ವ್ಯವಸ್ಥೆಯೇ ಈಗ ಅಂಗಡಿ ತೆರೆದು "ಬಾ, ಗಂಡಸ್ತನ ಕೊಡ್ತೀನಿ, ದುಡ್ಡು ಕೊಡು" ಅಂತಿದೆ. ತಮ್ಮಂದಿರೇ, ಮಹಾಡ್ ಕೆರೆಯ ನೀರು ಮುಟ್ಟಿದ ಜನರ ತೋಳಿನ ಸೈಜ್ ಯಾರೂ ಅಳೆದಿರಲಿಲ್ಲ.

ಈಗ ಕೆಲಸದ ಮಾತು. ಯಾರಾದ್ರೂ ನಿಮಗೆ ಈ ಇಂಜೆಕ್ಷನ್ನು, ಜೆಲ್ಲು ಬರೆದುಕೊಟ್ಟರೆ ಇವನ್ನ ಕೇಳಿ:

1. ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೇಲಿ, ಎರಡು ಬೇರೆ ಬೇರೆ ದಿನ ಟೆಸ್ಟೋಸ್ಟೆರಾನ್ ಪರೀಕ್ಷೆ ಆಯ್ತಾ? ಒಂದೇ ರಿಪೋರ್ಟ್ ಸಾಲದು. ಮಧ್ಯಾಹ್ನದ ರಿಪೋರ್ಟ್ ನಂಬೋ ಹಾಗಿಲ್ಲ, ಹೊತ್ತು ಏರಿದ ಹಾಗೆ ಅದು ತಾನಾಗೇ ಇಳಿಯುತ್ತೆ.

2. ಕಮ್ಮಿ ಇದ್ದರೆ ಯಾಕೆ ಕಮ್ಮಿ? ಎಲ್‌ಎಚ್, ಎಫ್‌ಎಸ್‌ಎಚ್ ನೋಡಿದ್ರಾ?

3. "ನನಗೆ ಮಕ್ಕಳು ಬೇಕು" ಅಂತ ಬಾಯಿ ಬಿಟ್ಟು ಹೇಳಿ. ಸದ್ಯದಲ್ಲೇ ಮಕ್ಕಳು ಬೇಕು ಅನ್ನೋರಿಗೆ ಈ ಔಷಧಿ ಕೊಡಬಾರದು, ಬೇರೆ ದಾರಿಗಳಿವೆ.

4. ಶುರು ಮಾಡೋ ಮುಂಚೆ ಹೆಮಟೊಕ್ರಿಟ್, ಬಿಪಿ, ನಲವತ್ತು ದಾಟಿದವರಿಗೆ ಪಿಎಸ್‌ಎ ಆಗಿದೆಯಾ? ಮೂರರಿಂದ ಆರು ತಿಂಗಳಲ್ಲಿ ಮತ್ತೆ ಯಾವಾಗ?

5. ಔಷಧಿಯ ಹೆಸರು, ಡೋಸು ಬರೆದ ಚೀಟಿ ಕೊಡ್ತೀರಾ? ಕೊಡದಿದ್ರೆ ಎದ್ದು ಬನ್ನಿ.

ಈಗಾಗಲೇ ತಗೋತಾ ಇರೋರು ಗಾಬರಿ ಬೀಳಬೇಡಿ, ಮುಚ್ಚಿಡಲೂ ಬೇಡಿ. ಡಾಕ್ಟರ ಮುಂದೆ ಎಷ್ಟು ತಿಂಗಳು, ಯಾವ ಔಷಧಿ ಅಂತ ನಿಜ ಹೇಳಿ. ಎದೆ ನೋವು, ಏಕಾಏಕಿ ಉಸಿರಾಟದ ತೊಂದರೆ, ಒಂದೇ ಕಾಲು ಊದಿ ನೋವು ಬಂದರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ. ಮಕ್ಕಳಾಗಲಿಲ್ಲ ಅಂದ್ರೆ ಮೊದಲು ಗಂಡನ ವೀರ್ಯ ಪರೀಕ್ಷೆ. ಅದಕ್ಕೆ ಸ್ಕ್ಯಾನಿಂಗ್ ಬೇಡ, ಆಪರೇಷನ್ ಬೇಡ. ಹೆಣ್ಣುಮಗಳನ್ನ ಓಡಾಡಿಸೋಕೆ ಮುಂಚೆ ಆ ಒಂದು ರಿಪೋರ್ಟು ಕೈಗೆ ಬರಲಿ.

ಕಾನೂನು ನಮ್ಮ ಕಡೆ ಇದೆ. ಈ ಹಾರ್ಮೋನು ಶೆಡ್ಯೂಲ್ ಎಚ್ ಔಷಧಿ, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ ಅಂತ ಔಷಧಿಯ ಜಾಹೀರಾತು ಕೊಡೋದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ 3ನೇ ಕಲಮಿನ ಪ್ರಕಾರ ಅಪರಾಧ. ನೋಂದಣಿ ಇಲ್ಲದ ಕ್ಲಿನಿಕ್ಕು 2007ರ ಕೆಪಿಎಂಇ ಕಾಯ್ದೆ ಪ್ರಕಾರ ಅಕ್ರಮ. ಅಂದ್ರೆ ಬಸ್‌ಸ್ಟ್ಯಾಂಡಿನ ಆ ಚೀಟಿಯೇ ಸಾಕ್ಷಿ. ಫೋಟೋ ತೆಗೀರಿ, ಜಾಗ, ದಿನಾಂಕ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೂ, ಔಷಧ ನಿಯಂತ್ರಣ ಇಲಾಖೆಗೂ ಅರ್ಜಿ ಕೊಡಿ. ಸ್ವೀಕೃತಿ ಸೀಲು ಹಾಕಿಸ್ಕೊಳ್ಳೋದು ಮರೀಬೇಡಿ. ಮೂವತ್ತು ದಿನ ಕಾದು, ಏನು ಕ್ರಮ ಆಯ್ತು ಅಂತ ಆರ್‌ಟಿಐ ಹಾಕಿ. ಅರ್ಜಿ ಬರೆಯೋದು ಕಷ್ಟ ಆದ್ರೆ ನನಗೆ ಹೇಳಿ. ಫೈಲು ಹೇಗೆ ಮುಂದೆ ಹೋಗುತ್ತೆ, ಎಲ್ಲಿ ಮಲಗುತ್ತೆ ಅನ್ನೋದು ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು.

ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆ ಎರಡೇ ಇರಲಿ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ ಗಂಡಸರ ಆರೋಗ್ಯಕ್ಕೆ ಅಂತ ಹೊರರೋಗಿ ವಿಭಾಗ, ಅಲ್ಲೇ ಪುಕ್ಕಟೆ ಹಾರ್ಮೋನ್ ಮತ್ತು ವೀರ್ಯ ಪರೀಕ್ಷೆ. ಹಾಸ್ಟೆಲ್ ಹುಡುಗರಿಗೆ, ಜಿಮ್ಮುಗಳಿಗೆ ಸ್ಟೀರಾಯ್ಡ್ ಬಗ್ಗೆ ತಿಳುವಳಿಕೆ. ದುಡ್ಡಿಲ್ಲ ಅಂದ್ರೆ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ತೋರಿಸಿ. 7(ಡಿ) ಕಲಂ ಕಿತ್ತುಹಾಕಿಸೋಕೆ ಅಷ್ಟು ವರ್ಷ ಕೂಗಿದ್ದು ಆ ದುಡ್ಡು ನಮ್ಮ ಜನದ ಮೇಲೇ ಖರ್ಚಾಗಲಿ ಅಂತ ತಾನೇ?

ಬರೋ ಏಪ್ರಿಲ್ 14ಕ್ಕೆ ಡಿಜೆಗೆ ಎತ್ತೋ ಚಂದಾದಲ್ಲಿ ಒಂದು ಪಾಲು ತೆಗೆದಿಡಿ. ರಕ್ತದಾನ ಶಿಬಿರದ ಪಕ್ಕದಲ್ಲೇ ಒಂದು ಟೇಬಲ್ ಹಾಕಿ ಬಿಪಿ, ಸಕ್ಕರೆ ನೋಡಿಸಿ, ಒಬ್ಬ ಡಾಕ್ಟರನ್ನ ಕೂರಿಸಿ. ಮೊದಲ ಸಾಲಲ್ಲಿ ನಮ್ಮ ಮುಖಂಡರೇ ನಿಲ್ಲಲಿ. ಅವರು ನಿಂತ್ರೆ ಹುಡುಗರು ನಿಲ್ತಾರೆ.

ನಿಮ್ಮೂರ ಜಿಮ್ಮಲ್ಲಿ, ಅಂಗಡೀಲಿ ಹೀಗೆ ನಡೀತಿದ್ರೆ ಕಾಮೆಂಟಲ್ಲಿ ಹೆಸರು ಹಾಕಬೇಡಿ, ಇನ್‌ಬಾಕ್ಸಿಗೆ ಬನ್ನಿ, ಅರ್ಜಿ ಮಾಡೋಣ.

ಜೈಭೀಮ್.